ಕಿಡ್ನಿ ಕಸಿ ಆದ ಮೇಲೆ ಮನೆಯಲ್ಲಿ ಏನೇನು ನೋಡಿಕೊಳ್ಳಬೇಕು?

‘ಡಿಸ್ಚಾರ್ಜ್ ಆಯ್ತು, ಮನೆಗೆ ಬಂದ್ವಿ. ಒಂದು ಚೀಲ ಮಾತ್ರೆ ಕೊಟ್ಟಿದ್ದಾರೆ. ಮುಂದೆ ಹೇಗೆ?’ ಕಿಡ್ನಿ ಕಸಿ ಮಾಡಿಸಿಕೊಂಡವರ ಮನೆಯವರು ನನ್ನನ್ನು ಕೇಳುವುದು ಇದನ್ನೇ. ಪ್ರತಿ ಸಲ ಫೋನಿನಲ್ಲಿ ಹೇಳುವಾಗ ಏನಾದರೊಂದು ಮರೆತುಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. ನಮ್ಮ ಯಜಮಾನರಿಗೆ ಕಿಡ್ನಿ ಕಸಿ ಆಗಿ ಒಂಬತ್ತು ವರ್ಷ ಆಯಿತು. ಅಷ್ಟೂ ವರ್ಷ ಅವರ ಮಾತ್ರೆ ಡಬ್ಬಿ ತುಂಬಿದವಳು ನಾನು. ಇಲ್ಲಿ ಕೊಟ್ಟಿರುವ ಅಂಕಿಗಳು ಸಾಮಾನ್ಯವಾಗಿ ಪಾಲಿಸುವಂಥವು. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅವರು ಹೇಳಿದ್ದನ್ನೇ ಮಾಡಿ. ಲಿವರ್ ಅಥವಾ ಹೃದಯ ಕಸಿ ಆದವರಿಗೂ ಮಾತ್ರೆಗಳ ವಿಷಯ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಪರೀಕ್ಷೆಗಳು ಮಾತ್ರ ಬೇರೆ.

ನಾನು ಕಂಡ ಎಡವಟ್ಟುಗಳಲ್ಲಿ ಬಹುಪಾಲು ಶುರುವಾದದ್ದು ಒಂದೇ ಸಂಕೋಚದಿಂದ: ‘ಇಷ್ಟಕ್ಕೆಲ್ಲ ಫೋನ್ ಮಾಡೋದಾ?’ ಹೌದು, ಇಷ್ಟಕ್ಕೂ ಮಾಡಬೇಕು. ಆಸ್ಪತ್ರೆಯಲ್ಲಿ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಅಂತ ಒಬ್ಬರು ಇರುತ್ತಾರೆ. ರೋಗಿಗೂ ಡಾಕ್ಟರಿಗೂ ನಡುವೆ ಕೊಂಡಿಯ ಹಾಗೆ ಕೆಲಸ ಮಾಡುವವರು ಅವರು. ಅವರ ನಂಬರನ್ನು ಮನೆಯ ಎಲ್ಲರ ಫೋನಿನಲ್ಲೂ ಹಾಕಿಡಿ. ರಾತ್ರಿ ಹೊತ್ತು ಯಾರಿಗೆ ಮಾಡಬೇಕು ಅನ್ನುವುದನ್ನೂ ಡಿಸ್ಚಾರ್ಜ್ ದಿನವೇ ಕೇಳಿಕೊಳ್ಳಿ.

ಮನೆಯಲ್ಲಿ ಇರಬೇಕಾದದ್ದು ಇಷ್ಟು: ತೋಳಿಗೆ ಕಟ್ಟುವ ಬಿ.ಪಿ. ಮೆಷಿನ್, ಥರ್ಮಾಮೀಟರ್, ತೂಕದ ಯಂತ್ರ, ಶುಗರ್ ನೋಡುವ ಗ್ಲೂಕೋಮೀಟರ್, ಮೂತ್ರ ಅಳೆಯುವ ಗುರುತಿರುವ ಪಾತ್ರೆ, ವಾರದ ಮಾತ್ರೆ ಡಬ್ಬಿ, ಒಂದು ನೋಟ್‌ಬುಕ್.

ಹಂತ 1: ಯಾವ ಮಾತ್ರೆ ಯಾತಕ್ಕೆ ಅಂತ ತಿಳಿದುಕೊಳ್ಳಿ

1954ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮೊದಲ ಸಲ ಕಿಡ್ನಿ ಕಸಿ ಯಶಸ್ವಿಯಾಯಿತು. ಅಲ್ಲಿ ಕೊಟ್ಟವರು, ಪಡೆದವರು ಇಬ್ಬರೂ ಒಂದೇ ಹೋಲಿಕೆಯ ಅವಳಿಗಳು. ಹಾಗಾಗಿ ಬಂದ ಕಿಡ್ನಿ ಹೊರಗಿನದು ಅಂತ ದೇಹಕ್ಕೆ ಗೊತ್ತೇ ಆಗಲಿಲ್ಲ. ಉಳಿದವರಿಗೆ ಹಾಗಲ್ಲ. ಹೆತ್ತ ತಾಯಿಯೇ ಕೊಟ್ಟರೂ ದೇಹ ಅದನ್ನು ಹೊರಗಿನದು ಅಂತಲೇ ನೋಡುತ್ತದೆ, ಅದರ ಮೇಲೆ ದಾಳಿ ಮಾಡುತ್ತದೆ. ಇದಕ್ಕೆ ರಿಜೆಕ್ಷನ್ ಅನ್ನುತ್ತಾರೆ. ಈ ದಾಳಿಯನ್ನು ತಡೆಯಲು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಕೊಡುತ್ತಾರೆ. ಹೆಚ್ಚಿನವರಿಗೆ ಇವು ಮೂರು.

ಟ್ಯಾಕ್ರೋಲಿಮಸ್: ಮೂರರಲ್ಲಿ ಮುಖ್ಯವಾದದ್ದು ಇದೇ. ರಕ್ತದಲ್ಲಿ ಇದರ ಪ್ರಮಾಣ ಕಡಿಮೆಯಾದರೆ ರಿಜೆಕ್ಷನ್ ಆಗಬಹುದು. ಜಾಸ್ತಿಯಾದರೆ ಇದೇ ಮಾತ್ರೆ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಕೈ ನಡುಗಬಹುದು, ಶುಗರ್, ಬಿ.ಪಿ., ಪೊಟ್ಯಾಸಿಯಂ ಏರಬಹುದು, ಕೂದಲು ಉದುರಬಹುದು.

ಮೈಕೋಫಿನೊಲೇಟ್: ಹೊಟ್ಟೆ ಕೆಡಿಸುತ್ತದೆ, ಭೇದಿ ಆಗಬಹುದು. ರಕ್ತದ ಬಿಳಿ ಕಣಗಳು ಇಳಿಯಬಹುದು. ಇದನ್ನು ಪುಡಿ ಮಾಡಬಾರದು. ಅಸಿಡಿಟಿಗೆ ಕುಡಿಯುವ ಆಂಟಾಸಿಡ್ ಸಿರಪ್ಪನ್ನು ಇದರ ಜೊತೆಗೇ ತೆಗೆದುಕೊಂಡರೆ ಇದು ಮೈಗೆ ಸರಿಯಾಗಿ ಹತ್ತುವುದಿಲ್ಲ. ನಡುವೆ ಕನಿಷ್ಠ 2 ಗಂಟೆ ಬಿಡಿ.

ಪ್ರೆಡ್ನಿಸೋಲೋನ್: ಇದು ಸ್ಟೀರಾಯ್ಡ್. ಬೆಳಿಗ್ಗೆ ತಿಂಡಿ ಆದ ಮೇಲೆ ತೆಗೆದುಕೊಳ್ಳುವುದು. ಮುಖ ದಪ್ಪ ಆಗುತ್ತದೆ, ಹಸಿವು ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ, ಸಿಟ್ಟು ಬೇಗ ಬರುತ್ತದೆ. ಈ ಸಿಟ್ಟಿನ ವಿಷಯ ಮನೆಯವರಿಗೆ ಗೊತ್ತಿರಲೇಬೇಕು. ಅದು ಮಾತ್ರೆಯ ಸಿಟ್ಟು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮುಖ ಊದಿತು ಅಂತ ಇದನ್ನು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಇವುಗಳ ಜೊತೆಗೆ ಮೊದಲ ಕೆಲವು ತಿಂಗಳು ಸೋಂಕು ತಡೆಯುವ ಮಾತ್ರೆಗಳೂ ಇರುತ್ತವೆ. ಕೋಟ್ರೈಮಾಕ್ಸಜೋಲ್ ಒಂದು ಬಗೆಯ ನ್ಯುಮೋನಿಯಾ ಬಾರದಂತೆ ತಡೆಯುತ್ತದೆ. ವ್ಯಾಲ್‌ಗ್ಯಾನ್ಸಿಕ್ಲೋವಿರ್ ಸಿ.ಎಂ.ವಿ. ಅನ್ನುವ ವೈರಸ್ಸಿಗೆ. ‘ಸೋಂಕೇ ಇಲ್ಲವಲ್ಲ, ಇದ್ಯಾಕೆ?’ ಅಂತ ಇವನ್ನು ಬಿಟ್ಟವರಿದ್ದಾರೆ. ಸೋಂಕು ಬಾರದೇ ಇರಲಿ ಅಂತಲೇ ಇವನ್ನು ಕೊಡುವುದು.

ಹಂತ 2: ಗಡಿಯಾರಕ್ಕೆ ಕಟ್ಟಿಹಾಕಿ

ದಿನಕ್ಕೆ ಎರಡು ಸಲದ ಟ್ಯಾಕ್ರೋಲಿಮಸ್ ಆದರೆ ನಡುವೆ 12 ಗಂಟೆ ಇರಬೇಕು. ಬೆಳಿಗ್ಗೆ 9, ರಾತ್ರಿ 9 ಅಂತ ಇಟ್ಟುಕೊಂಡರೆ ಲ್ಯಾಬಿಗೆ ಹೋಗುವ ದಿನವೂ ಅನುಕೂಲ. ಬೆಳಿಗ್ಗೆ 6 ಅಂತ ಇಟ್ಟುಕೊಂಡರೆ ಪರೀಕ್ಷೆಯ ದಿನ ಕಷ್ಟವಾಗುತ್ತದೆ. ಲ್ಯಾಬ್ ತೆರೆಯುವುದು ಎಷ್ಟು ಹೊತ್ತಿಗೆ ಅಂತ ತಿಳಿದುಕೊಂಡೇ ಸಮಯ ಗೊತ್ತು ಮಾಡಿ.

ಈ ಮಾತ್ರೆಯನ್ನು ಊಟಕ್ಕೆ 1 ಗಂಟೆ ಮೊದಲು ಅಥವಾ ಊಟವಾಗಿ 2 ಗಂಟೆ ಆದ ಮೇಲೆ ತೆಗೆದುಕೊಳ್ಳುವುದು ವಾಡಿಕೆ. ಜಿಡ್ಡಿನ ಊಟದ ಜೊತೆ ತೆಗೆದುಕೊಂಡರೆ ಮೈಗೆ ಹತ್ತುವುದು ಕಡಿಮೆ. ಡಾಕ್ಟರ್ ಹೇಗೆ ಹೇಳಿದ್ದಾರೋ ದಿನವೂ ಹಾಗೇ ಮಾಡಿ. ಒಂದು ದಿನ ಖಾಲಿ ಹೊಟ್ಟೆ, ಇನ್ನೊಂದು ದಿನ ಬೆಣ್ಣೆ ದೋಸೆ ಜೊತೆ ಅಂತ ಆಗಬಾರದು.

ಕ್ಯಾಪ್ಸೂಲುಗಳನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಕತ್ತರಿಯಿಂದ ಒಂದೊಂದು ಮಾತ್ರೆಯ ತುಂಡನ್ನು ಪಟ್ಟಿಯ ಸಮೇತ ಕತ್ತರಿಸಿ ಹಾಕಿ. ತೇವ ತಾಗುವುದಿಲ್ಲ, ಹೆಸರೂ ಡೋಸೂ ಕಾಣುತ್ತಿರುತ್ತದೆ. ಟ್ಯಾಕ್ರೋಲಿಮಸ್ 0.5, 1, 5 ಮಿಲಿಗ್ರಾಂಗಳಲ್ಲಿ ಬರುತ್ತದೆ. 0.5ರ ಜಾಗಕ್ಕೆ 5 ಬಿದ್ದರೆ ಹತ್ತು ಪಟ್ಟು! ಡಬ್ಬಿಯನ್ನು ಒಬ್ಬರು ತುಂಬಿ, ಇನ್ನೊಬ್ಬರು ನೋಡಲಿ.

ಮರೆತರೆ ಏನು ಮಾಡಬೇಕು? ವಾಂತಿಯಾದರೆ? ಎಲ್ಲರೂ ಕೇಳುವ ಪ್ರಶ್ನೆಗಳಿವು. ಎಷ್ಟು ಗಂಟೆಯೊಳಗೆ ನೆನಪಾದರೆ ತೆಗೆದುಕೊಳ್ಳಬಹುದು, ಎಷ್ಟು ನಿಮಿಷದೊಳಗೆ ವಾಂತಿಯಾದರೆ ಮತ್ತೆ ಕೊಡಬೇಕು ಅನ್ನುವುದಕ್ಕೆ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ನಿಯಮ. ನಿಮ್ಮ ಆಸ್ಪತ್ರೆಯ ನಿಯಮವನ್ನು ಮೊದಲೇ ಕೇಳಿ, ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಬಿಟ್ಟುಹೋದ ಮಾತ್ರೆಯನ್ನು ಮುಂದಿನದರ ಜೊತೆ ಸೇರಿಸಿ ಎರಡು ನುಂಗುವುದು ಮಾತ್ರ ಎಲ್ಲಿಯೂ ಇಲ್ಲ.

ಉಪವಾಸ ಮಾಡುವವರಿಗೆ ಒಂದು ಮಾತು. ಏಕಾದಶಿ ಇರಲಿ, ರಂಜಾನ್ ಇರಲಿ, ಮಾತ್ರೆ ತಪ್ಪಬಾರದು, ನೀರೂ ಬಿಡಬಾರದು. ಮಾಡಲೇಬೇಕು ಅಂತ ಮನಸ್ಸಿದ್ದರೆ ಡಾಕ್ಟರ್ ಹತ್ತಿರ ಬಾಯಿಬಿಟ್ಟು ಕೇಳಿ. ಮುಚ್ಚಿಟ್ಟು ಮಾಡಬೇಡಿ.

ಹಂತ 3: ಲೆವೆಲ್ ಪರೀಕ್ಷೆಯಲ್ಲಿ ಎಡವಬೇಡಿ

‘ಲೆವೆಲ್’ ಅಂದರೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಎಷ್ಟಿದೆ ಅಂತ ನೋಡುವುದು. ಬೆಳಗಿನ ಮಾತ್ರೆಗೆ ಮುಂಚೆ, ಅಂದರೆ ರಾತ್ರಿಯ ಮಾತ್ರೆಯಾಗಿ 12 ಗಂಟೆಗೆ ರಕ್ತ ಕೊಡಬೇಕು. ಆಗ ಔಷಧಿ ಅತಿ ಕಡಿಮೆ ಇರುತ್ತದೆ. ಡೋಸ್ ತೀರ್ಮಾನಿಸುವುದು ಆ ಅಂಕಿಯ ಮೇಲೆ. ಮೊದಲ ತಿಂಗಳುಗಳಲ್ಲಿ ಇದನ್ನು ಸ್ವಲ್ಪ ಮೇಲೆ ಇಡುತ್ತಾರೆ, ವರ್ಷ ಕಳೆದಂತೆ ಇಳಿಸುತ್ತಾರೆ. ನಿಮ್ಮ ಗುರಿ ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಪಕ್ಕದ ಬೆಡ್ಡಿನವರ ಅಂಕಿ ನಿಮ್ಮದಲ್ಲ.

ನಮ್ಮ ಮನೆಯಲ್ಲಿ ಆದ ತಪ್ಪನ್ನೇ ಹೇಳುತ್ತೇನೆ. ಮೂರನೇ ತಿಂಗಳು. ತುಮಕೂರಿನಿಂದ ಬೆಳಿಗ್ಗೆ ಬೇಗ ಹೊರಟೆವು. ಹೊರಡುವ ಗಡಿಬಿಡಿಯಲ್ಲಿ ನಾನೇ ಮಾತ್ರೆ ಕೊಟ್ಟುಬಿಟ್ಟೆ. ಲೆವೆಲ್ ತುಂಬ ಜಾಸ್ತಿ ಬಂತು. ಡೋಸ್ ಇಳಿಸಲು ಚೀಟಿ ಬರೆಯುತ್ತಿದ್ದಾಗ ಡಾಕ್ಟರ್ ‘ಮಾತ್ರೆ ಎಷ್ಟು ಹೊತ್ತಿಗೆ ತಗೊಂಡ್ರಿ?’ ಅಂತ ಕೇಳಿದ್ದರಿಂದ ಗೊತ್ತಾಯಿತು. ಕೇಳದಿದ್ದರೆ ಸರಿಯಾಗಿದ್ದ ಡೋಸನ್ನು ಇಳಿಸಿಬಿಡುತ್ತಿದ್ದರು. ಅವತ್ತಿನಿಂದ ಪರೀಕ್ಷೆಯ ದಿನದ ಮಾತ್ರೆಯನ್ನು ಡಬ್ಬಿಯಲ್ಲಿ ಇಡುವುದಿಲ್ಲ. ಊಟದ ಡಬ್ಬಿಯ ಜೊತೆ ಚೀಲದಲ್ಲಿ ಹಾಕುತ್ತೇನೆ. ರಕ್ತ ಕೊಟ್ಟ ಮೇಲೇ ಅದನ್ನು ತೆಗೆಯುವುದು. ಹಿಂದಿನ ರಾತ್ರಿ ಮಾತ್ರೆ ತೆಗೆದುಕೊಂಡ ಹೊತ್ತನ್ನು ಪರೀಕ್ಷೆಯ ಚೀಟಿಯ ಮೇಲೇ ಬರೆಸುತ್ತೇನೆ.

ಪರೀಕ್ಷೆ ಎಷ್ಟು ಸಲ? ಕ್ರಿಯೇಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಒಂದು ಕಸ. ಕಿಡ್ನಿ ಸೋತರೆ ಅದು ರಕ್ತದಲ್ಲಿ ಏರುತ್ತದೆ. ಅದನ್ನು ಮೊದಲ ತಿಂಗಳು ವಾರಕ್ಕೆ 2-3 ಸಲ, 2-3ನೇ ತಿಂಗಳು ವಾರಕ್ಕೊಮ್ಮೆ, 4-6ನೇ ತಿಂಗಳು ಎರಡು ವಾರಕ್ಕೊಮ್ಮೆ, ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ, ಆಮೇಲೆ 2-3 ತಿಂಗಳಿಗೊಮ್ಮೆ ನೋಡುವುದು ಸಾಮಾನ್ಯ ಕ್ರಮ. ರಿಜೆಕ್ಷನ್ ಎಷ್ಟೋ ಸಲ ಹೊರಗೆ ಏನೂ ತೋರಿಸುವುದಿಲ್ಲ. ಮನುಷ್ಯ ಆರಾಮಾಗಿ ಓಡಾಡಿಕೊಂಡಿರುತ್ತಾನೆ, ಕ್ರಿಯೇಟಿನಿನ್ ಮಾತ್ರ ಏರಿರುತ್ತದೆ. ‘ಚೆನ್ನಾಗೇ ಇದ್ದೀನಲ್ಲ’ ಅಂತ ಪರೀಕ್ಷೆ ಮುಂದೂಡಬೇಡಿ.

ಇನ್ನೊಂದು ವಿಷಯ. ಆಪರೇಷನ್ ಸಮಯದಲ್ಲಿ ಮೂತ್ರನಾಳದೊಳಗೆ ಸಣ್ಣ ಕೊಳವೆ ಇಟ್ಟಿರುತ್ತಾರೆ. ಅದಕ್ಕೆ ಡಿಜೆ ಸ್ಟೆಂಟ್ ಅನ್ನುತ್ತಾರೆ. ಅದನ್ನು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತೆಗೆಯಬೇಕು. ತೆಗೆಯುವ ದಿನಾಂಕವನ್ನು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಒಳಗೇ ಉಳಿದರೆ ಸೋಂಕು ತರುತ್ತದೆ.

ಹಂತ 4: ದಿನದ ಲೆಕ್ಕ ಬರೆಯಿರಿ

ಮೊದಲ ಆರು ತಿಂಗಳು ದಿನವೂ ತೂಕ, ಬಿ.ಪಿ., ಜ್ವರ ಇದೆಯೋ ಇಲ್ಲವೋ, ಕುಡಿದ ನೀರು, ಬಂದ ಮೂತ್ರ ಇಷ್ಟನ್ನು ಬರೆಯಿರಿ. ತೂಕವನ್ನು ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ ನೋಡಿ. ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿದ, ಅಂದರೆ ರಕ್ತನಾಳಗಳನ್ನು ಜೋಡಿಸಿದ ಕೈಗೆ ಬಿ.ಪಿ. ಪಟ್ಟಿ ಕಟ್ಟಬಾರದು, ಆ ಕೈಯಿಂದ ರಕ್ತ ತೆಗೆಯಲೂ ಬಿಡಬೇಡಿ.

ಹಂತ 5: ಫೋನ್ ಮಾಡಲೇಬೇಕಾದ ಲಕ್ಷಣಗಳು

ಇದನ್ನು ಬೇರೆ ಹಾಳೆಯಲ್ಲಿ ಬರೆದು ಕಣ್ಣಿಗೆ ಬೀಳುವ ಕಡೆ ಹಾಕಿ.

• ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು. ಚಳಿ, ನಡುಕ.
• ಮೂತ್ರ ಕಡಿಮೆಯಾಗುವುದು, ಉರಿ, ರಕ್ತ ಅಥವಾ ಕದಡಿದ ಬಣ್ಣ.
• ಒಂದೆರಡು ದಿನದಲ್ಲಿ ತೂಕ ಏರುವುದು, ಕಾಲು ಅಥವಾ ಮುಖ ಊದುವುದು.
• ಹೊಸ ಕಿಡ್ನಿ ಇರುವ ಕಡೆ, ಅಂದರೆ ಕಿಬ್ಬೊಟ್ಟೆಯ ಪಕ್ಕ, ನೋವು ಅಥವಾ ಬಿಗಿತ.
• ಬಿ.ಪಿ. ಇದ್ದಕ್ಕಿದ್ದಂತೆ ಏರುವುದು.
• ವಾಂತಿ, ಭೇದಿ.
• ಕೆಮ್ಮು, ಉಸಿರಾಡಲು ಕಷ್ಟ. ಕಷ್ಟ ಜಾಸ್ತಿಯಿದ್ದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಹೊರಡಿ.

ಜ್ವರದ ವಿಷಯದಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಪ್ಯಾರಸಿಟಮಾಲ್ ಕೊಟ್ಟು, ಜ್ವರ ಇಳಿಯಿತು ಅಂತ ಸುಮ್ಮನಾಗುತ್ತಾರೆ. ಇಳಿದದ್ದು ಜ್ವರ, ಸೋಂಕು ಒಳಗೇ ಇರುತ್ತದೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ದೊಡ್ಡ ಸೋಂಕಿನಲ್ಲೂ ಜ್ವರ ಅಷ್ಟಾಗಿ ಕಾಣಿಸದೇ ಇರಬಹುದು. ಸುಸ್ತು, ಊಟ ಸೇರದಿರುವುದು ಇದ್ದರೂ ಹೇಳಿ. ಹತ್ತಿರದ ಕ್ಲಿನಿಕ್ಕಿಗೆ ಹೋಗಲೇಬೇಕಾದರೆ ಬಾಗಿಲಲ್ಲೇ ‘ಕಿಡ್ನಿ ಕಸಿ ಆಗಿದೆ’ ಅಂತ ಹೇಳಿ.

ಭೇದಿಯೂ ಸಣ್ಣದಲ್ಲ. ನೀರು ಹೋದರೆ ಕಿಡ್ನಿಗೆ ಪೆಟ್ಟು. ಅದರ ಜೊತೆಗೆ ಭೇದಿಯಾದಾಗ ಟ್ಯಾಕ್ರೋಲಿಮಸ್ ಲೆವೆಲ್ ಏರುತ್ತದೆ. ‘ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಇಳಿದಿರುತ್ತದೆ’ ಅಂದುಕೊಂಡು ಜಾಸ್ತಿ ಮಾತ್ರೆ ಕೊಟ್ಟರೆ ಅನಾಹುತ.

ಮೊದಲ ಆರು ತಿಂಗಳಲ್ಲಿ ಬರಬಹುದಾದ ಎರಡು ವೈರಸ್‌ಗಳ ಹೆಸರು ನಿಮ್ಮ ಕಿವಿಗೆ ಬೀಳುತ್ತದೆ. ಸಿ.ಎಂ.ವಿ. ಜ್ವರ, ಭೇದಿ, ಸುಸ್ತು ತರುತ್ತದೆ. ಬಿ.ಕೆ. ವೈರಸ್ ಸದ್ದಿಲ್ಲದೆ ಹೊಸ ಕಿಡ್ನಿಗೇ ತೊಂದರೆ ಕೊಡುತ್ತದೆ, ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಆಗ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯನ್ನು ಡಾಕ್ಟರ್ ಸ್ವಲ್ಪ ಇಳಿಸುತ್ತಾರೆ. ಗಾಬರಿ ಬೇಡ. ನೀವಾಗಿಯೇ ಇಳಿಸುವುದೂ ಬೇಡ.

ಹಂತ 6: ಬೇರೆ ಮಾತ್ರೆ, ಮನೆಮದ್ದು ಕೇಳದೇ ಬೇಡ

ಈ ಹಂತದಲ್ಲಿ ಆಗುವ ತಪ್ಪುಗಳು ಲೆಕ್ಕವಿಲ್ಲದಷ್ಟು. ಎಲ್ಲವೂ ಪ್ರೀತಿಯಿಂದಲೇ ಆಗುವಂಥವು. ನೋಡಲು ಬಂದ ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಾರಲ್ವಾ?

ನೋವಿನ ಮಾತ್ರೆಗಳು: ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಕಿಡ್ನಿಗೆ ಹಾನಿ. ಇವು ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುತ್ತವೆ, ಇಂಜೆಕ್ಷನ್ ರೂಪದಲ್ಲೂ ಕೊಡುತ್ತಾರೆ. ನೋವಿಗೆ ಪ್ಯಾರಸಿಟಮಾಲ್ ಸಾಕು, ಅದೂ ಕೇಳಿ.

ಆಂಟಿಬಯೋಟಿಕ್, ಫಂಗಸ್ ಮಾತ್ರೆ: ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್, ಫ್ಲುಕೊನಜೋಲ್, ಇಟ್ರಾಕೊನಜೋಲ್ ಟ್ಯಾಕ್ರೋಲಿಮಸ್ ಲೆವೆಲ್ಲನ್ನು ಮೇಲಕ್ಕೆ ಒಯ್ಯುತ್ತವೆ. ಹುಳುಕಡ್ಡಿಗೆ ಅಂತ ಚರ್ಮದ ಡಾಕ್ಟರ್ ಇಟ್ರಾಕೊನಜೋಲ್ ಬರೆಯುವುದು ಮಾಮೂಲು. ಅಂಥ ಚೀಟಿ ಬಂದರೆ ಮೊದಲು ನಿಮ್ಮ ಕಿಡ್ನಿ ಡಾಕ್ಟರಿಗೆ ಅದರ ಫೋಟೋ ಕಳಿಸಿ.

ಟಿ.ಬಿ. ಮತ್ತು ಫಿಟ್ಸ್ ಮಾತ್ರೆ: ಟಿ.ಬಿ.ಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫಿನಿಟಾಯಿನ್, ಕಾರ್ಬಮಾಜೆಪಿನ್ ಲೆವೆಲ್ಲನ್ನು ಕೆಳಗೆ ಬೀಳಿಸುತ್ತವೆ. ನಮ್ಮ ದೇಶದಲ್ಲಿ ಟಿ.ಬಿ. ಅಪರೂಪವಲ್ಲ. ಟಿ.ಬಿ. ಚಿಕಿತ್ಸೆ ಬೇಡ ಅಂತ ನಾನು ಹೇಳುತ್ತಿಲ್ಲ. ಶುರು ಮಾಡುವ ಮೊದಲು ಇಬ್ಬರು ಡಾಕ್ಟರೂ ಮಾತಾಡಿಕೊಳ್ಳಬೇಕು.

ಕೆಲವರಿಗೆ ಮೈಕೋಫಿನೊಲೇಟ್ ಬದಲು ಅಜಾಥಯೋಪ್ರಿನ್ ಕೊಟ್ಟಿರುತ್ತಾರೆ. ಅದನ್ನು ತೆಗೆದುಕೊಳ್ಳುವವರು ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯುರಿನಾಲ್ ಬಗ್ಗೆ ಎಚ್ಚರವಾಗಿರಿ. ಎರಡೂ ಸೇರಿದರೆ ರಕ್ತ ಕಣಗಳು ಅಪಾಯದ ಮಟ್ಟಕ್ಕೆ ಇಳಿಯಬಹುದು.

ಮನೆಮದ್ದು: ಅಮೃತಬಳ್ಳಿ, ಅಶ್ವಗಂಧ, ‘ಇಮ್ಯೂನಿಟಿ ಹೆಚ್ಚಿಸುವ’ ಕಷಾಯ, ಪುಡಿ, ಲೇಹ್ಯ. ನಾವು ಮಾತ್ರೆ ಕೊಟ್ಟು ಇಳಿಸುತ್ತಿರುವುದು ಆ ಇಮ್ಯೂನಿಟಿಯನ್ನೇ. ಅದನ್ನು ಕೆಣಕಿದರೆ ದೇಹ ಕಿಡ್ನಿಯ ಮೇಲೆ ಬೀಳಬಹುದು. ಸಾರಿಗೆ ಹಾಕುವ ಅರಿಶಿನಕ್ಕೆ ತೊಂದರೆಯಿಲ್ಲ. ಅರಿಶಿನದ ಕ್ಯಾಪ್ಸೂಲ್ ಬೇಡ.

ಚಕ್ಕೋತ: ದೇವನಹಳ್ಳಿಯ ಚಕ್ಕೋತ ಎಷ್ಟೇ ಸಿಹಿಯಾಗಿರಲಿ, ಟ್ಯಾಕ್ರೋಲಿಮಸ್ ಅಥವಾ ಕೆಲವರಿಗೆ ಅದರ ಬದಲು ಕೊಡುವ ಸೈಕ್ಲೋಸ್ಪೋರಿನ್ ತೆಗೆದುಕೊಳ್ಳುವವರು ತಿನ್ನಬಾರದು. ದ್ರಾಕ್ಷಿಹಣ್ಣೇ ಅಂತ ಕೆಲವರು ತಪ್ಪು ತಿಳಿಯುವ ಗ್ರೇಪ್‌ಫ್ರೂಟ್ ಇದೇ ಜಾತಿಯದ್ದು. ಅದೂ ಬೇಡ. ಇವು ಕರುಳಿನಲ್ಲಿ ಔಷಧಿಯನ್ನು ಒಡೆಯುವ ಕೆಲಸ ತಡೆದು ಲೆವೆಲ್ ಏರಿಸುತ್ತವೆ. ಸಾದಾ ದ್ರಾಕ್ಷಿಗೂ ಇದಕ್ಕೂ ಸಂಬಂಧವಿಲ್ಲ.

ಹಂತ 7: ಊಟ, ನೀರು, ಮನೆ

ನೀರನ್ನು ಕುದಿಸಿ ಆರಿಸಿ ಕುಡಿಯಿರಿ. ಎಷ್ಟು ಅಂತ ಡಾಕ್ಟರ್ ಹೇಳುತ್ತಾರೆ. ಡಯಾಲಿಸಿಸ್ ಕಾಲದಲ್ಲಿ ನೀರು ಕಡಿಮೆ ಕುಡಿದು ಅಭ್ಯಾಸವಾದವರಿಗೆ ಈಗ ಜಾಸ್ತಿ ಕುಡಿಯುವುದೇ ಕಷ್ಟ. ಬಾಟಲಿ ಲೆಕ್ಕ ಇಟ್ಟುಕೊಳ್ಳಿ.

ಹಸಿ ಮೊಳಕೆ ಕಾಳು, ಬೀದಿ ಬದಿಯ ಕತ್ತರಿಸಿಟ್ಟ ಹಣ್ಣು, ಪಾನಿಪೂರಿ, ಹೋಟೆಲಿನ ಹಸಿ ಚಟ್ನಿ, ಕಾಯಿಸದ ಹಾಲು, ಅರೆಬೆಂದ ಮೊಟ್ಟೆ, ಮಾಂಸ ಬೇಡ. ರಾಮನವಮಿಯ ಕೋಸಂಬರಿ, ಪಾನಕ, ದೇವಸ್ಥಾನದ ತೀರ್ಥ, ಪಂಚಾಮೃತ ಇವೂ ಕುದಿಸದ ನೀರು, ಕಾಯಿಸದ ಹಾಲಿನಿಂದ ಆಗಿರಬಹುದು. ನಾವು ತೀರ್ಥವನ್ನು ಕೈಯಲ್ಲಿ ತೆಗೆದುಕೊಂಡು ತಲೆಗೆ ಪ್ರೋಕ್ಷಿಸಿಕೊಳ್ಳುತ್ತೇವೆ. ಭಕ್ತಿಗೆ ಕೊರತೆಯೇನೂ ಆಗಿಲ್ಲ.

ಉಪ್ಪು ಇಳಿಸಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಅಪರೂಪಕ್ಕೆ ಇರಲಿ. ಆದರೆ ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪು ತರಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಹಾಕಿರುತ್ತಾರೆ. ಟ್ಯಾಕ್ರೋಲಿಮಸ್ ಮೊದಲೇ ಪೊಟ್ಯಾಸಿಯಂ ಏರಿಸುವ ಔಷಧಿ. ಎಳನೀರಿಗೂ ಇದೇ ಕಾರಣಕ್ಕೆ ಡಾಕ್ಟರನ್ನು ಕೇಳಿ.

ಬಾಲ್ಕನಿಯಲ್ಲಿ ಪಾರಿವಾಳ ಕೂರುತ್ತಿದ್ದರೆ ಅದರ ಹಿಕ್ಕೆಯನ್ನು ಬೇರೆಯವರು ತೊಳೆಯಲಿ. ಮಣ್ಣಿನ ಕೆಲಸ, ಬೆಕ್ಕಿನ ಹೊಲಸು ಎತ್ತುವುದು, ಮನೆ ಕಟ್ಟುವ ಧೂಳು ಇವೆಲ್ಲದರಿಂದ ದೂರ ಇರಿ.

ಹಂತ 8: ನಿಧಾನವಾಗಿ ಬರುವ ತೊಂದರೆಗಳು

ಮೊದಲು ಶುಗರ್ ಇಲ್ಲದವರಿಗೂ ಕಸಿಯ ನಂತರ ಬರಬಹುದು. ಟ್ಯಾಕ್ರೋಲಿಮಸ್, ಸ್ಟೀರಾಯ್ಡ್ ಎರಡೂ ಅದಕ್ಕೆ ಕಾರಣ. ಬೆಳಿಗ್ಗೆ ಸ್ಟೀರಾಯ್ಡ್ ತೆಗೆದುಕೊಂಡರೆ ಶುಗರ್ ಏರುವುದು ಮಧ್ಯಾಹ್ನದ ಮೇಲೆ. ಖಾಲಿ ಹೊಟ್ಟೆಯ ಅಂಕಿ ಚೆನ್ನಾಗಿದೆ ಅಂತ ನಿಶ್ಚಿಂತರಾಗಬೇಡಿ, ಮಧ್ಯಾಹ್ನ ಊಟವಾಗಿ 2 ಗಂಟೆಗೆ ನೋಡಿ.

ಮೂಳೆ ಸವೆತ, ಕಣ್ಣಿನ ಪೊರೆ, ಕೊಲೆಸ್ಟ್ರಾಲ್ ಇವಕ್ಕೆ ವರ್ಷಕ್ಕೊಮ್ಮೆ ಪರೀಕ್ಷೆ ಬೇಕೇ ಅಂತ ಕೇಳಿ. ಚರ್ಮದಲ್ಲಿ ವಾಸಿಯಾಗದ ಗಾಯ, ಎಲ್ಲಿಯಾದರೂ ಗಂಟು ಕಂಡರೆ ತೋರಿಸಿ. ರೋಗನಿರೋಧಕ ಶಕ್ತಿ ತಗ್ಗಿದವರಿಗೆ ಕೆಲವು ಕ್ಯಾನ್ಸರ್‌ಗಳ ಅಪಾಯ ಜಾಸ್ತಿ.

ಹಂತ 9: ಲಸಿಕೆ, ಮಕ್ಕಳು, ಬಸಿರು

ಜೀವಂತ ವೈರಸ್ ಇರುವ ಲಸಿಕೆಗಳನ್ನು ಕಸಿಯಾದವರು ಹಾಕಿಸಿಕೊಳ್ಳಬಾರದು: ದಡಾರ, ಚಿಕನ್‌ಪಾಕ್ಸ್, ಬಾಯಿಗೆ ಹಾಕುವ ಪೋಲಿಯೋ ಹನಿ, ಹಳದಿ ಜ್ವರದ ಲಸಿಕೆ. ವರ್ಷಕ್ಕೊಮ್ಮೆ ಫ್ಲೂ ಇಂಜೆಕ್ಷನ್, ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಬಹುದು. ಸಮಯವನ್ನು ಡಾಕ್ಟರ್ ಹೇಳುತ್ತಾರೆ. ಮನೆಯಲ್ಲಿ ಪೋಲಿಯೋ ಹನಿ ಹಾಕಿಸುವ ವಯಸ್ಸಿನ ಮಗುವಿದ್ದರೆ ಅದನ್ನೂ ಮೊದಲೇ ತಿಳಿಸಿ. ಹನಿ ಹಾಕಿಸಿದ ಮೇಲೆ ಮಗುವಿನ ಮಲದಲ್ಲಿ ಆ ವೈರಸ್ ಕೆಲವು ವಾರ ಹೋಗುತ್ತಿರುತ್ತದೆ. ಹಾಗಾಗಿ ಡೈಪರ್ ಬದಲಿಸುವ ಕೆಲಸ ಬೇರೆಯವರು ಮಾಡಲಿ.

ಕಸಿಯಾದ ಹೆಣ್ಣುಮಕ್ಕಳು ತಾಯಿಯಾಗಬಹುದು. ಆದರೆ ಮೈಕೋಫಿನೊಲೇಟ್ ಹೊಟ್ಟೆಯಲ್ಲಿನ ಮಗುವಿಗೆ ಹಾನಿ ಮಾಡುತ್ತದೆ. ಬಸಿರಾಗುವುದಕ್ಕೆ ಕನಿಷ್ಠ 6 ವಾರ ಮೊದಲೇ ಅದನ್ನು ನಿಲ್ಲಿಸಿ ಬೇರೆ ಮಾತ್ರೆಗೆ ಬದಲಾಯಿಸಬೇಕು. ಕಸಿಯಾಗಿ ಕನಿಷ್ಠ ಒಂದು ವರ್ಷ ಕಾಯಲು ಹೇಳುತ್ತಾರೆ. ಈ ಮಾತನ್ನು ಹೇಳಲು ನಾಚಿಕೊಂಡು ತಡ ಮಾಡಬೇಡಿ.

ಹಂತ 10: ಖರ್ಚು, ಸ್ಟಾಕು, ಪ್ರಯಾಣ

ದುಡ್ಡು ಸಾಲದೆ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವವರಿದ್ದಾರೆ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ದಯವಿಟ್ಟು ಹಾಗೆ ಮಾಡುವ ಮೊದಲು ಡಾಕ್ಟರಿಗೆ ಹೇಳಿ. ಕಡಿಮೆ ಬೆಲೆಯ ಕಂಪನಿಗೆ ಬದಲಾಯಿಸಲು ದಾರಿ ಇರುತ್ತದೆ. ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಅಂಗಾಂಗ ಕಸಿಗೆ ಸರ್ಕಾರದ ನೆರವಿದೆ. ಔಷಧಿಗೆ ಎಷ್ಟು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಆದರೆ ಕಂಪನಿ ಬದಲಾಯಿಸುವುದನ್ನು ಮೆಡಿಕಲ್ ಶಾಪಿನವರ ಮಾತಿನ ಮೇಲೆ ಮಾಡಬೇಡಿ. ಟ್ಯಾಕ್ರೋಲಿಮಸ್ ಬೇರೆ ಕಂಪನಿಯದ್ದಾದರೆ ಲೆವೆಲ್ ಮತ್ತೆ ನೋಡಬೇಕಾಗುತ್ತದೆ. ದಿನಕ್ಕೆ ಒಂದೇ ಸಲ ತೆಗೆದುಕೊಳ್ಳುವ ನಿಧಾನಗತಿಯ ಮಾತ್ರೆಯೂ ಇದೆ. ಅದನ್ನೂ ಎರಡು ಸಲದ್ದನ್ನೂ ಅದಲು ಬದಲು ಮಾಡಿದರೆ ದೊಡ್ಡ ತೊಂದರೆ. ಪಟ್ಟಿಯ ಮೇಲಿನ ಹೆಸರನ್ನು ಪೂರ್ತಿ ಓದಿ, ಹಳೆಯ ಪಟ್ಟಿಯ ಪಕ್ಕ ಇಟ್ಟು ನೋಡಿ.

ಊರಿಗೆ ಹೊರಟಾಗ ಮಾತ್ರೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ವಿದೇಶದಲ್ಲಿರುವ ಮಕ್ಕಳ ಹತ್ತಿರ ಹೋಗುವವರು ಡಾಕ್ಟರ ಚೀಟಿಯನ್ನು ಜೊತೆಗೆ ಒಯ್ಯಿರಿ. ಅಲ್ಲಿನ ಗಡಿಯಾರಕ್ಕೆ ಮಾತ್ರೆಯ ಹೊತ್ತನ್ನು ಹೇಗೆ ಹೊಂದಿಸಬೇಕು ಅಂತ ಹೊರಡುವ ಮೊದಲೇ ಬರೆಸಿಕೊಳ್ಳಿ.

ಮನೆಯಲ್ಲಿ ಯಾವಾಗಲೂ ಕನಿಷ್ಠ 15 ದಿನದ ಮಾತ್ರೆ ಹೆಚ್ಚಿಗೆ ಇರಲಿ. ಸಣ್ಣ ಊರುಗಳಲ್ಲಿ ಈ ಮಾತ್ರೆ ತರಿಸಲು ಎರಡು ಮೂರು ದಿನ ಬೇಕಾಗುತ್ತದೆ. ಹಬ್ಬದ ರಜೆ ಬಂದರೆ ಇನ್ನೂ ತಡ. ನಾನು ಪ್ರತಿ ತಿಂಗಳು 20ನೇ ತಾರೀಕು ಕೂತು ಎಣಿಸುತ್ತೇನೆ, ಅವತ್ತೇ ಅಂಗಡಿಗೆ ಫೋನ್ ಮಾಡುತ್ತೇನೆ.